ಮಾವನವರ ಕಾರಿನ ಟಾಪು

ಕೈಯಲ್ಲಿ ಹತಾರ ಹಿಡಿದವರ ಎದುರು ನನಗೆ ಬಾಯಿ ಏಳುವುದಿಲ್ಲ. ಇದು ನನ್ನ ಹುಟ್ಟುದೋಷ. ಕತ್ತರಿ ಹಿಡಿದ ಕ್ಷೌರಿಕ, ಟೇಪು ಹಿಡಿದ ದರ್ಜಿ, ಇಕ್ಕಳ ಹಿಡಿದ ಹಲ್ಲಿನ ಡಾಕ್ಟರು, ಸ್ಪ್ಯಾನರು ಹಿಡಿದ ಮೆಕ್ಯಾನಿಕ್ಕು, ಇವರಲ್ಲಿ ಯಾರು "ಹೇಗೆ ಮಾಡಲಿ ಸಾರ್?" ಎಂದು ಕೇಳಿದರೂ ನನ್ನ ನಾಲಿಗೆ ನನ್ನನ್ನು ಕೇಳದೆಯೇ ಒಂದು ಉತ್ತರ ಕೊಟ್ಟುಬಿಡುತ್ತದೆ: "ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡಿ." ಮದುವೆಯ ಹಿಂದಿನ ದಿನ ಕ್ಷೌರಿಕನಿಗೆ ಈ ಮಾತು ಹೇಳಿದ್ದರಿಂದ, ನಮ್ಮ ಮದುವೆಯ ಆಲ್ಬಮ್ಮಿನ ತುಂಬ ನಾನು ಪೊಲೀಸ್ ಕೆಲಸಕ್ಕೆ ಆಯ್ಕೆಯಾಗದೆ ವಾಪಸು ಬಂದವನ ಹಾಗೆ ನಿಂತಿದ್ದೇನೆ. ದರ್ಜಿಗೆ ಹೇಳಿದ್ದರಿಂದ ನನ್ನ ಒಂದು ಪ್ಯಾಂಟಿಗೆ ಐದು ಜೇಬುಗಳಿವೆ. ಐದನೆಯದರಲ್ಲಿ ಏನಾದರೂ ಇಟ್ಟರೆ ಅದು ಆ ದಿನಕ್ಕೆ ಸಿಗುವುದಿಲ್ಲ. ಇಂಥವನ್ನೆಲ್ಲ ನಾನು ನನ್ನ ಮೈಮೇಲೆ ಹೊತ್ತುಕೊಂಡು ಓಡಾಡಿದ್ದೇನೆ, ಯಾರಿಗೂ ತೊಂದರೆಯಾಗಿಲ್ಲ. ಆದರೆ ಒಂದು ಸಲ ಈ ಮಾತನ್ನು ನನ್ನ ಮಾವನವರ ಕಾರಿನ ವಿಷಯದಲ್ಲಿ ಹೇಳಿಬಿಟ್ಟೆ. ಆಮೇಲೆ ಆದದ್ದನ್ನು ಹೇಳುತ್ತೇನೆ.

ನಾನು ತೇಣಿಯ ಒಂದು ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನಾಲ್ಕು ಹಂತಗಳಲ್ಲಿ ಇಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ. ನಿಜವಾದ ಇಂಜಿನ್ನಿನ ಮುಚ್ಚಳ ತೆಗೆದರೆ ಅದರಲ್ಲಿ ಒಂದು ಹಂತವೂ ನನಗೆ ಕಾಣುವುದಿಲ್ಲ. ನಮ್ಮದು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಈ ಕಡೆ ಬಂದು, ಬೆಟ್ಟದ ಬುಡದಲ್ಲಿ ಹೊಲ ಮಾಡಿಕೊಂಡು ನೆಲೆಸಿದ ಮನೆತನ. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಅದರಲ್ಲಿ ಅರ್ಧಕ್ಕೆ ತಮಿಳಿನ ಒಗ್ಗರಣೆ. ಬಿ.ಎಡ್. ಓದಲು ಮೈಸೂರಿಗೆ ಹೋಗಿದ್ದಾಗ ಹಾಸ್ಟೆಲಿನ ಗೆಳೆಯರು ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. ಅಲ್ಲಿ ಕಷ್ಟಪಟ್ಟು ಪುಸ್ತಕದ ಕನ್ನಡ ಕಲಿತು ಊರಿಗೆ ಬಂದು ಮಾತಾಡಿದೆ. ನಮ್ಮ ಮನೆಯವರು ಅದಕ್ಕಿಂತ ಹೆಚ್ಚು ನಕ್ಕರು. ಹೀಗಾಗಿ ಆ ಕನ್ನಡವನ್ನು ಬರೆಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ನನ್ನ ಮಾವ ಪೆರಿಯಕುಳದವರು. ಮಾವಿನ ವ್ಯಾಪಾರ. ಆರಡಿಗಿಂತ ಮೂರಂಗುಲ ಎತ್ತರದ ಆಳು. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಿ ಬಗ್ಗಿಸಿ, ಬಯಲಲ್ಲಿ ನಡೆಯುವಾಗಲೂ ಒಂದಿಷ್ಟು ಬಾಗಿಯೇ ನಡೆಯುತ್ತಾರೆ. ಅವರ ಬಳಿ ಆಮೆಯ ಬೆನ್ನಿನಂಥ ಬೆನ್ನಿದ್ದ ಒಂದು ಹಳೆಯ ಕಪ್ಪು ಕಾರಿತ್ತು. ಆ ಕಡೆಯ ಹಳಬರು ಕಾರನ್ನು 'ಪ್ಲಷರು' ಎನ್ನುತ್ತಾರೆ. ಪೆರಿಯಕುಳದಲ್ಲಿ ಪ್ಲಷರು ಎಂದರೆ ಒಂದು ಕಾಲದಲ್ಲಿ ಅದೊಂದೇ. ಮಾವನವರ ಕಣ್ಣಿನಲ್ಲಿ ಪೊರೆ ಬಂದು, ಒಂದು ಕಣ್ಣಿಗೆ ಆಪರೇಷನ್ ಆಗಿ, ಇನ್ನೊಂದಕ್ಕೆ ಹೆದರಿ ಅವರು ಮುಂದೂಡುತ್ತಿದ್ದಾಗ, ಡಾಕ್ಟರು ಕಾರು ಓಡಿಸಕೂಡದು ಎಂದರು. ಗಂಡು ಮಕ್ಕಳಿಲ್ಲದ ಅವರು ಕಾರನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ, ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ಮಗಳನ್ನು ಧಾರೆ ಎರೆದಾಗಲೂ ಹಾಕದ ಕಣ್ಣೀರು ಹಾಕಿದರು. "ಮಾಪ್ಳೆ, ಇದನ್ನ ನಲ್ಲಾ ನೋಡ್ಕೋ," ಎಂದರು. ನಮ್ಮವರಲ್ಲಿ ಅಳಿಯನನ್ನು ಮಾಪ್ಳೆ ಎಂದೇ ಕರೆಯುವುದು; ನಲ್ಲಾ ಎಂದರೆ ಚೆನ್ನಾಗಿ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲು ಕಾರಿನ ನೆತ್ತಿ ಸವರಿ, ಆಮೇಲೆ ಮಗಳ ಕ್ಷೇಮ ಕೇಳುತ್ತಿದ್ದರು.

ಅಂಥ ಕಾರಿನ ಸೈಲೆನ್ಸರು ಒಂದು ದಿನ ತೇಣಿಯ ರೈಲ್ವೆ ಗೇಟಿನ ಹಳಿಗಳ ಮೇಲೆ ಕಳಚಿ ಬಿತ್ತು. ಅದನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬೋಡಿ ರಸ್ತೆಯಲ್ಲಿರುವ ಸೆಲ್ವಂನ ವರ್ಕ್‌ಶಾಪಿಗೆ ಹೋದೆ. ಸೆಲ್ವಂ ನನ್ನ ಚಿಕ್ಕಪ್ಪನ ಮಗ. ಬೆಟ್ಟ ಹತ್ತುವ ಏಲಕ್ಕಿ ತೋಟದ ಜೀಪುಗಳೆಲ್ಲ ಅವನ ಕೈಯಲ್ಲೇ ಬದುಕಿ ಉಳಿದಿವೆ. ಕೈ ಚೊಕ್ಕ, ಮನಸ್ಸೂ ಚೊಕ್ಕ. ಸಮಸ್ಯೆ ಇರುವುದು ಎರಡರ ನಡುವೆ ಎಲ್ಲೋ. ಮರುದಿನವೇ ನಾನು ಮೇಷ್ಟ್ರುಗಳ ತರಬೇತಿಗೆಂದು ಹತ್ತು ದಿನ ಮದುರೆಗೆ ಹೋಗಬೇಕಾಗಿತ್ತು. ಸೆಲ್ವಂ ಕಾರಿನ ಕೆಳಗಿನಿಂದ ತಲೆ ಹೊರಗೆ ಹಾಕಿ, "ಅಣ್ಣಾ, ಇನ್ನೂ ಸಿಲ್ಲರೆ ಕೆಲ್ಸ ಐತೆ. ಎಂಗೆ ಮಾಡ್ಲಿ?" ಎಂದು ಕೇಳಿದ. ಅವನ ಕೈಯಲ್ಲಿ ಸ್ಪ್ಯಾನರಿತ್ತು. ನನ್ನ ನಾಲಿಗೆ ತನ್ನ ಕೆಲಸ ಮಾಡಿತು.

ಹನ್ನೊಂದನೆಯ ದಿನ ವರ್ಕ್‌ಶಾಪಿಗೆ ಹೋದಾಗ ಅಲ್ಲಿ ಮಾವನವರ ಕಾರು ಕಾಣಲಿಲ್ಲ. ಯಾರದೋ ದೊಡ್ಡ ತೊಟ್ಟಿಯಂಥ ವಾಹನವೊಂದು ನಿಂತಿತ್ತು. ಅದರ ಪಕ್ಕದಲ್ಲೇ ನಿಂತು ಅರ್ಧ ಗ್ಲಾಸು ಟೀ ಕುಡಿದೆ. ಮುಂದಿನ ನಂಬರ್ ಪ್ಲೇಟು ಕಣ್ಣಿಗೆ ಬಿದ್ದಾಗ ಉಳಿದರ್ಧ ಗ್ಲಾಸು ನನ್ನ ಅಂಗಿಯ ಮೇಲಿತ್ತು. ಕಾರಿಗೆ ಟಾಪಿರಲಿಲ್ಲ. ಬಾಗಿಲುಗಳ ಮಟ್ಟಕ್ಕೆ ಮೇಲಿನದನ್ನೆಲ್ಲ ಸೆಲ್ವಂ ಬದನೆಕಾಯಿಯ ತೊಟ್ಟು ತೆಗೆದ ಹಾಗೆ ಕತ್ತರಿಸಿ ತೆಗೆದಿದ್ದ. ಮುಂದಿನ ಬಾನೆಟ್ಟೂ ಇರಲಿಲ್ಲ; ಇಂಜಿನ್ನು ತನ್ನ ನಾಲ್ಕೂ ಹಂತಗಳನ್ನು ಬಿಸಿಲಿಗೆ ಒಡ್ಡಿಕೊಂಡು ಕುಳಿತಿತ್ತು.

"ಸೆಲ್ವಂ, ಟಾಪು ಎಲ್ಲೋ?" ಎಂದೆ.

"ಯಾವ ಟಾಪು?"

"ಕಾರಿಗೆ ಇತ್ತಲ್ಲೋ, ಅದು!"

"ಓ, ಅದಾ! ಅಮ್ಮ ಕೋಳಿ ಗೂಡಿಗೆ ಬೇಕು ಅಂತು, ಕೊಟ್ಟೆ. ಅಣ್ಣಾ, ಕವಲೆ ಪಡಬ್ಯಾಡ. ವಂಡಿ ಈಗ ತಾನೆ ಉಸ್ರು ಬಿಡ್ತಾ ಐತೆ."

ವಂಡಿ ಎಂದರೆ ಗಾಡಿ; ಕವಲೆ ಎಂದರೆ ಚಿಂತೆ. ಅದನ್ನು ಪಡಬೇಡ ಎಂದು ಹೇಳುವುದು ಅವನಿಗೆ ಸುಲಭವಾಗಿತ್ತು. ಅವನು ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ಬಿಡಿಸಿದ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಬೋಂಡಾ ಸುತ್ತಿಕೊಟ್ಟ ಕಾಗದವಂತೆ. ಯಾವುದೋ ವಿದೇಶಿ ಪತ್ರಿಕೆಯದು. ಅದರಲ್ಲಿ ಒಂದು ಕಾರಿನ ಬಣ್ಣದ ಚಿತ್ರ. ಟಾಪಿಲ್ಲ, ಬಾನೆಟ್ಟಿಲ್ಲ, ಮೈಮೇಲೆ ಬೆಂಕಿಯ ಜ್ವಾಲೆ. ಹಳೆಯ ಕಾರುಗಳನ್ನು ಹೀಗೆ ಕತ್ತರಿಸಿ, ಕೂಡಿಸಿ, ಬಣ್ಣ ಹೊಡೆದು, ಜಾತ್ರೆಯ ಎತ್ತಿನ ಹಾಗೆ ಮೆರೆಸುವ ಹುಚ್ಚು ಅಮೆರಿಕದಲ್ಲಿ ಇದೆ ಎಂದು ಅವನು ಕೇಬಲ್ ಟಿವಿಯಲ್ಲೂ ಒಮ್ಮೆ ನೋಡಿದ್ದನಂತೆ. ತೊಂದರೆಯೇನೆಂದರೆ ಚಿತ್ರದ ಮುಂದಿನ ಅರ್ಧ ಮಾತ್ರ ಕಾಣುತ್ತಿತ್ತು. ಹಿಂದಿನ ಅರ್ಧ ಬೋಂಡಾದ ಎಣ್ಣೆಯಲ್ಲಿ ಮುಳುಗಿಹೋಗಿತ್ತು. ಆ ಭಾಗವನ್ನು ಸೆಲ್ವಂ ಸ್ವಂತ ಬುದ್ಧಿಯಿಂದ ತುಂಬಿಸುವವನಿದ್ದ. ಅದಕ್ಕಾಗಿ ಟ್ರಾಕ್ಟರಿನ ಎರಡು ದೊಡ್ಡ ಚಕ್ರಗಳು ಗೋಡೆಗೆ ಒರಗಿ ಕಾಯುತ್ತಿದ್ದವು.

"ದಿಂಡುಕ್ಕಲ್ಲಲ್ಲಿ ಆಡಿ ತಿಂಗ್ಳು ಕಡೇ ಭಾನ್ವಾರ ಹಳೇ ವಂಡಿಗಳ ಕಣ್ಕಾಚಿ ಅಣ್ಣಾ. ಕಾರು, ಲಾರಿ ಎಲ್ಲಾ ಬರ್ತವೆ. ನಿನ್ನ ಹೆಸ್ರು ಕೊಟ್ಟೀನಿ," ಎಂದ. ಆಡಿ ಎಂದರೆ ತಮಿಳರ ಆಷಾಢ, ಕಣ್ಕಾಚಿ ಎಂದರೆ ಪ್ರದರ್ಶನ.

"ನಾನು ಕೊಟ್ಟಿದ್ದು ಸೈಲೆನ್ಸರ್ ರಿಪೇರಿಗೆ!"

"ಇಂಥ ವಂಡಿಗೆ ಸೈಲೆನ್ಸರ್ ಯಾಕಣ್ಣಾ?" ಎಂದು ಅವನು ನಿಜವಾದ ಅಚ್ಚರಿಯಿಂದ ಕೇಳಿದ.

ಟಾಪನ್ನು ತಂದು ಮತ್ತೆ ಬೆಸುಗೆ ಹಾಕಿಸಿಬಿಡಬೇಕೆಂದು ನೇರವಾಗಿ ಚಿಕ್ಕಮ್ಮನ ಮನೆಗೆ ಓಡಿದೆ. ಹಿತ್ತಿಲಲ್ಲಿ ಮಾವನವರ ಕಾರಿನ ಟಾಪು ನಾಲ್ಕು ಕಲ್ಲುಗಳ ಮೇಲೆ ಕವುಚಿ ಕುಳಿತಿತ್ತು. ಬಗ್ಗಿ ನೋಡಿದರೆ ಒಳಗೆ ಒಂದು ಕೆಂಪು ಹೇಟೆ ನನ್ನನ್ನು ದುರುಗುಟ್ಟಿಕೊಂಡು ನೋಡಿತು. "ಮುಟ್ಬ್ಯಾಡ ಮೊಗಾ," ಎಂದು ಚಿಕ್ಕಮ್ಮ ಅಡುಗೆ ಮನೆಯಿಂದಲೇ ಕೂಗಿದರು. "ಕೋಳಿ ಕಾವಿಗೆ ಕುಂತೈತೆ. ಇಪ್ಪತ್ತೊಂದು ದಿವ್ಸ ಆಗ್ಲಿ, ಮರಿ ಎದ್ಮೇಲೆ ತಕ್ಕೊಂಡೋಗು. ಈಗ ಎತ್ತಿದ್ರೆ ಪಾಪ ಬರ್ತದೆ." ಕೋಳಿಯ ಕೈಯಲ್ಲಿ ಹತಾರವೇನೂ ಇರಲಿಲ್ಲ, ಆದರೂ ನನಗೆ ಅದರೆದುರು ಬಾಯಿ ಬರಲಿಲ್ಲ.

ಮನೆಗೆ ಬಂದು ಮಲ್ಲಿಗಾಗೆ, ಅಂದರೆ ನನ್ನ ಹೆಂಡತಿಗೆ, ವಿಷಯ ತಿಳಿಸಿದೆ. ಮೊದಲು ಹವಾಮಾನ, ಆಮೇಲೆ ತರಬೇತಿ, ಆಮೇಲೆ ಸೈಲೆನ್ಸರು, ಹೀಗೆ ದೂರದಿಂದ ಬಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ವರ್ಕ್‌ಶಾಪಿಗೆ ಹೊರಟಳು. ನಾನು ಹಿಂದೆ ಹೋದೆ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಬಾಗಿಲು ತೆರೆದು ಒಳಗೆ ಕುಳಿತಳು. ತಲೆ ಎತ್ತಿ, ಟಾಪು ಇರಬೇಕಾಗಿದ್ದ ಕಡೆ ಇದ್ದ ಆಕಾಶವನ್ನು ನೋಡಿದಳು. ಬೆಟ್ಟದ ಕಣಿವೆಯಿಂದ ಆಡಿ ತಿಂಗಳ ಗಾಳಿ ಬಂದು ಅವಳ ಮುಂಗುರುಳನ್ನು ಎತ್ತಿ ಆಡಿಸಿತು. ಅವಳು ಅಳುತ್ತಾಳೆಂದು ನಾನು ಕರವಸ್ತ್ರ ಹುಡುಕಿದೆ. ಅದು ಐದನೆಯ ಜೇಬಿನಲ್ಲಿತ್ತು, ಸಿಗಲಿಲ್ಲ. ಅಷ್ಟರಲ್ಲಿ ಅವಳು ಸೆಲ್ವಂನ ಕಡೆ ತಿರುಗಿ, "ಕರೀ ಬಣ್ಣ ಬ್ಯಾಡ. ನನ್ ಮಾಂಬಳ ಕಲರ್ ಸೀರೆ ಐತಲ್ಲ, ಅದನ್ನ ಕೊಡ್ತೀನಿ, ಅದೇ ಕಲರ್ ಹೊಡಿ," ಎಂದಳು. ಮಾಂಬಳ ಎಂದರೆ ಮಾವಿನ ಹಣ್ಣು. ಮಾವಿನ ವ್ಯಾಪಾರಿಯ ಮಗಳು. ಆ ಕ್ಷಣದಿಂದ ಆ ಮನೆಯಲ್ಲಿ ಬುದ್ಧಿಯಿದ್ದವನು ನಾನೊಬ್ಬನೇ ಉಳಿದೆ. ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ.

"ನಿಮ್ಮಪ್ಪ ಅಮಾವಾಸ್ಯೆಗೆ ಬರ್ತಾರಲ್ಲ?" ಎಂದು ನಾನು ನೆನಪಿಸಿದಾಗ ಮಾತ್ರ ಅವಳ ಮುಖ ಸಣ್ಣದಾಯಿತು. ಆದರೂ, ಕಾರು ಪೂರ್ತಿ ಆದ ಮೇಲೆ ತಾನೇ ಸಮಯ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಏನಾದರೂ ನೆಪ ಹೇಳೋಣ ಎಂದಳು. ಯಾವ ನೆಪ ಎಂದು ಇಬ್ಬರೂ ಮುಂಚಿತವಾಗಿ ಮಾತಾಡಿಕೊಳ್ಳಲಿಲ್ಲ. ಅದೇ ನಾವು ಮಾಡಿದ ತಪ್ಪು. ಆಡಿ ಅಮಾವಾಸ್ಯೆಯ ಬೆಳಿಗ್ಗೆ ಮಾವನವರು ಬಂದು, ಅಂಗಳದ ಖಾಲಿ ಜಾಗ ನೋಡಿ, ಕೊಡೆ ಮಡಿಚುವುದನ್ನೂ ಮರೆತು, "ವಂಡಿ ಎಲ್ಲಿ?" ಎಂದರು.

"ಪೈಂಟಿಗೆ ಕೊಟ್ಟೀವಪ್ಪಾ," ಎಂದಳು ಮಲ್ಲಿಗಾ.

"ಹೆಡ್‌ಮಾಷ್ಟ್ರ ಮಗಳ ಮದ್ವೆಗೆ ಹೋಗೈತೆ ಮಾವ," ಎಂದೆ ನಾನು, ಅದೇ ಉಸಿರಿನಲ್ಲಿ.

ಮಾವನವರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. "ಆಡಿ ತಿಂಗ್ಳಲ್ಲಿ ಯಾವನು ಮಾಪ್ಳೆ ಮದ್ವೆ ಮಾಡೋನು?" ಎಂದರು. ಅದೊಂದನ್ನು ನಾನು ಯೋಚಿಸಿರಲಿಲ್ಲ. ಆಡಿಯಲ್ಲಿ ನಮ್ಮ ಕಡೆ ಯಾರೂ ಮದುವೆ ಮಾಡುವುದಿಲ್ಲ. ಹೊಸ ಮದುಮಗಳನ್ನೇ ಆ ತಿಂಗಳು ತವರಿಗೆ ಕಳಿಸಿಬಿಡುತ್ತಾರೆ. ಮಾವನವರು ಅರ್ಧ ಲೋಟ ಕಾಫಿ ಕುಡಿದು, ಊಟಕ್ಕೂ ನಿಲ್ಲದೆ, ಮಧ್ಯಾಹ್ನದ ಬಸ್ಸಿಗೇ ಹೊರಟರು. ಅವರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಮಲ್ಲಿಗಾ ಬಾಗಿಲಲ್ಲೇ ನಿಂತಿದ್ದಳು. ಆ ದಿನ ಮಾಡಿದ್ದ ಪಾಯಸವನ್ನು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಿಂದೆವು. ರುಚಿಯಾಗಿತ್ತು, ಅದು ಬೇರೆ ಸಂಕಟ.

ಆದರೂ ಕಾರಿನ ಕೆಲಸ ನಿಲ್ಲಲಿಲ್ಲ. ಶಾಲೆ ಬಿಟ್ಟ ಕೂಡಲೇ ಇಬ್ಬರೂ ವರ್ಕ್‌ಶಾಪಿನಲ್ಲಿ. ಮಲ್ಲಿಗಾ ಸೀಟಿಗೆ ಬಟ್ಟೆ ಹೊಲಿದಳು. ಮುಂದೆ ಇಬ್ಬರು, ಹಿಂದೆ ಒಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಮಿಕ್ಕದ್ದನ್ನು ಟ್ರಾಕ್ಟರ್ ಚಕ್ರಗಳು ನುಂಗಿದ್ದವು. ಸೆಲ್ವಂ ಬೋರ್‌ವೆಲ್ಲಿನ ಹಳೆಯ ಪೈಪುಗಳನ್ನು ಬಗ್ಗಿಸಿ ಎರಡೂ ಪಕ್ಕಕ್ಕೆ ಹೊಗೆ ಕೊಳವೆ ಮಾಡಿದ. ನನಗೆ ವಹಿಸಿದ ಕೆಲಸ ಟಾರ್ಚ್ ಹಿಡಿಯುವುದು. ಜ್ವಾಲೆ ಬರೆಯಲು ಲಾರಿಗಳ ಹಿಂದೆ ಕಮಲ, ಗಿಳಿ ಬರೆಯುವ ಪೇಂಟರನ್ನು ಕರೆಸಿದ್ದೆವು. ಅವನು ಜೀವಮಾನದಲ್ಲಿ ಬರೆದಿದ್ದ ಬೆಂಕಿ ಎಂದರೆ ಕರ್ಪೂರದಾರತಿ ಒಂದೇ. ಹಾಗಾಗಿ ನಮ್ಮ ಕಾರಿನ ಎರಡೂ ಪಕ್ಕದಲ್ಲಿ ತಲಾ ಒಂಬತ್ತು ಮಂಗಳಾರತಿಗಳು ಬೆಳಗಿದವು. ಸೆಲ್ವಂ ಬೋಂಡಾದ ಕಾಗದವನ್ನು ಪಕ್ಕದಲ್ಲಿ ಹಿಡಿದು ನೋಡಿ, "ಅಮೆರಿಕಾದವಂಗಿಂತ ನಮ್ದೇ ಲಕ್ಷಣವಾಗೈತೆ," ಎಂದು ತೀರ್ಪು ಕೊಟ್ಟ. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಹೊರಟೆವು. ಸೆಲ್ವಂ ಚಾಲಕ, ಪಕ್ಕದಲ್ಲಿ ಮಲ್ಲಿಗಾ, ಹಿಂದೆ ಒಂಟಿ ಸೀಟಿನಲ್ಲಿ ನಾನು. ಕಾರು ಶುರುವಾದ ಸದ್ದಿಗೆ ಬೋಡಿ ರಸ್ತೆಯ ಎರಡು ನಾಯಿಗಳು ಬೊಗಳುವುದನ್ನು ನಿಲ್ಲಿಸಿ ಕುಳಿತವು. ತೇಣಿಯಿಂದ ದಿಂಡುಕ್ಕಲ್ಲಿಗೆ ಹೋಗುವ ದಾರಿ ಪೆರಿಯಕುಳದ ಮೂಲಕವೇ, ಮಾವನವರ ಅಂಗಡಿಯ ಮುಂದೆಯೇ. ಅದಕ್ಕಾಗಿ ನಾನು ಸೆಲ್ವಂನ ವೆಲ್ಡಿಂಗ್ ಕನ್ನಡಕ ಹಾಕಿಕೊಂಡೆ. ಮಲ್ಲಿಗಾ ಸೆರಗನ್ನು ಮುಖದ ತುಂಬ ಎಳೆದುಕೊಂಡಳು. ಊರಿಗೆ ಊರೇ ಬಾಗಿಲಿಗೆ ಬಂದು ನೋಡಿತು. ಮಾವನವರ ಅಂಗಡಿಗೆ ಮಾತ್ರ ಬೀಗ. ಮನೆಯ ಬಾಗಿಲೂ ಮುಚ್ಚಿತ್ತು. "ತಪ್ಪಿಸ್ಕೊಂಡ್ವಿ!" ಎಂದು ಮಲ್ಲಿಗಾ ಸೆರಗು ಸರಿಸಿ ನಕ್ಕಳು. ಅಲ್ಲಿಂದ ಮುಂದೆ ನಮಗೆ ಯಾರ ಹಂಗೂ ಇರಲಿಲ್ಲ. ತೋಪುಗಳ ನಡುವಿನ ರಸ್ತೆ, ಎಡಕ್ಕೆ ಕೊಡೈಕೆನಾಲಿನ ಬೆಟ್ಟ, ಎದುರಿಗೆ ಗಾಳಿ. ಗಾಳಿಗೆ ಅವಳ ಸೀರೆಯ ಸೆರಗು ನನ್ನ ಮುಖಕ್ಕೆ ಪಟಪಟ ಬಡಿಯುತ್ತಿತ್ತು. ಮದುವೆಯಾಗಿ ಆರು ವರ್ಷವಾಗಿದ್ದರೂ ಅವಳು ಅಷ್ಟು ಜೋರಾಗಿ ನಗಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ದೇವದಾನಪಟ್ಟಿಯಲ್ಲಿ ಕಳೆ ಕೀಳಲು ಹೋಗುತ್ತಿದ್ದ ಹೆಂಗಸರು ನಮ್ಮ ಹದಿನೆಂಟು ಮಂಗಳಾರತಿಗಳನ್ನು ನೋಡಿ, ಯಾವುದೋ ದೇವರ ಮೆರವಣಿಗೆಯೆಂದು ಕೈ ಮುಗಿದರು. ಸೆಲ್ವಂ ಗಂಭೀರವಾಗಿ ತಲೆಯಾಡಿಸಿ ಆಶೀರ್ವಾದ ಮಾಡಿದ.

ದಿಂಡುಕ್ಕಲ್ಲಿನ ಕಾಲೇಜು ಮೈದಾನದಲ್ಲಿ ಬಣ್ಣದ ಶಾಮಿಯಾನ, ಧ್ವನಿವರ್ಧಕ, ಕಬ್ಬಿನ ಹಾಲಿನ ಗಾಡಿಗಳು. ಕೊಯಮತ್ತೂರಿನ ಮಿಲ್ ಮಾಲೀಕರ ಕಾರುಗಳು ಒಂದು ಸಾಲಿನಲ್ಲಿ ಕನ್ನಡಿಯ ಹಾಗೆ ನಿಂತಿದ್ದವು. ಅವುಗಳ ಪಕ್ಕದಲ್ಲಿ ಒಬ್ಬೊಬ್ಬ ಆಳು ಮೆತ್ತನೆಯ ಬಟ್ಟೆ ಹಿಡಿದು, ನೋಣ ಕೂತರೂ ಒರೆಸುತ್ತಿದ್ದ. ಇನ್ನೊಂದು ಸಾಲಿನಲ್ಲಿ ಹಳೆಯ ಲಾರಿಗಳು. ನನಗೆ ಆ ಸಾಲು ಹೆಚ್ಚು ಹಿಡಿಸಿತು. ಉದ್ದ ಮೂತಿಯವು, ಮರದ ಕ್ಯಾಬಿನ್ನಿನವು, ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎದ್ದು ಕೆಮ್ಮುವವು. ಒಂದರ ಹಿಂದೆ ಇನ್ನೂ ಚಹಾ ತೋಟದ ಹೆಸರು ಅಳಿಸದೆ ಉಳಿದಿತ್ತು, ಇನ್ನೊಂದು ಯುದ್ಧಕಾಲದ್ದಂತೆ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಕಾರ್ಯಕರ್ತ ನಮ್ಮ ವಾಹನವನ್ನು ನೋಡಿ ಪೆನ್ನಿನ ಮುಚ್ಚಳ ಹಾಕಿದ. ಸಮಿತಿಯವರು ಸೇರಿ ಚರ್ಚಿಸಿದರು. ಕಾರಿನ ಸಾಲಿನಲ್ಲಿ ಇದನ್ನು ನಿಲ್ಲಿಸಿದರೆ ಮಿಲ್ ಮಾಲೀಕರು ಎದ್ದು ಹೋಗುತ್ತಾರೆಂದು, ಕೊನೆಗೆ ಹಿಂದಿನ ಚಕ್ರಗಳ ಗಾತ್ರ ನೋಡಿ ಲಾರಿಗಳ ಸಾಲಿಗೆ ಕಳಿಸಿದರು. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಮಿಲಿಟರಿ ಇಂಜಿನಿಯರು ಕೈಯಲ್ಲಿ ಕಾಗದ ಹಿಡಿದು ಬಂದು, "ಇದು ಯಾವ ವರ್ಷದ್ದಪ್ಪ?" ಎಂದು ಕೇಳಿದರು. ಸೆಲ್ವಂ ಎದೆ ಸೆಟೆಸಿ ಹೇಳಿದ: "ಮೂತಿ ಅರವತ್ತೆರಡು ಸಾರ್. ಹಿಂದಿನ ಚಕ್ರ ಎಪ್ಪತ್ತೆಂಟು. ನಡುವಿನದು ಹೋದ ಶುಕ್ರವಾರ." ಅವರು ಮೂರನ್ನೂ ಬರೆದುಕೊಂಡರು.

ಮಧ್ಯಾಹ್ನ ಸೆಲ್ವಂ ಮತ್ತು ಮಲ್ಲಿಗಾ ಬಿರಿಯಾನಿ ತರಲು ಹೋದರು. ನಾನು ಕಾವಲಿಗೆ ನಿಂತೆ. ಲಾರಿಗಳ ಸಾಲಿನ ಆ ತುದಿಯಲ್ಲಿ, ಜನರ ತಲೆಗಳ ಮೇಲೆ ಒಂದು ತಲೆ ಬರುತ್ತಿರುವುದು ಕಂಡಿತು. ಒಂದಿಷ್ಟು ಬಾಗಿದ ತಲೆ. ಕಂಕುಳಲ್ಲಿ ಕೊಡೆ. ಹಳೆಯ ವಾಹನಗಳೆಂದರೆ ಪ್ರಾಣ ಬಿಡುವ ಮನುಷ್ಯ ಇಡೀ ಜಿಲ್ಲೆಯಲ್ಲಿ ಒಬ್ಬರಿದ್ದರೆ, ಹಳೆಯ ವಾಹನಗಳ ಪ್ರದರ್ಶನಕ್ಕೆ ಅವರು ಬರದೆ ಇರುತ್ತಾರೆಯೇ ಎಂಬ ಸಣ್ಣ ತರ್ಕ ಒಂದು ತಿಂಗಳಿನಿಂದ ನಮ್ಮ ಮೂವರಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಓಡಲು ದಾರಿಯಿರಲಿಲ್ಲ. ನಾನು ಕಾರಿನ ಕೆಳಗೆ ನುಸುಳಿ, ಏನೋ ರಿಪೇರಿ ಮಾಡುವವನ ಹಾಗೆ ಮಲಗಿದೆ.

ಎರಡು ದೊಡ್ಡ ಪಾದಗಳು ಬಂದು ಹತ್ತಿರ ನಿಂತವು. ಆಮೇಲೆ ಪಾದಗಳು ಕಾರಿನ ಸುತ್ತ ಒಂದು ಸುತ್ತು ಹಾಕಿದವು. "ಮೇಸ್ತ್ರಿ, ಇದೇನು ವಂಡಿಯಪ್ಪಾ? ಒಳ್ಳೆ ರಾಜನ ಹಾಗಿದೆಯಲ್ಲ!" ಎಂದು ಮಾವನವರು ತಮಿಳಿನಲ್ಲಿ ಕೇಳಿದರು. ನಾನು ಗಂಟಲು ದಪ್ಪ ಮಾಡಿಕೊಂಡು, "ಹೊಸ ಮಾಡೆಲ್ ಅಯ್ಯಾ," ಎಂದೆ. ಬಾಗಿಲು ತೆರೆದ ಸದ್ದಾಯಿತು. ಅವರು ಒಳಗೆ ಬಗ್ಗಿರಬೇಕು. ಸ್ಟಿಯರಿಂಗ್ ಚಕ್ರ ಒಂದು ಕಡೆ ಸೀಳಿತ್ತು. ಅದಕ್ಕೆ ಯಾವ ಕಾಲದಲ್ಲೋ ಅವರೇ ಕೈಯಾರೆ ತಾಮ್ರದ ತಂತಿ ಸುತ್ತಿದ್ದರು. ಅದನ್ನು ಬದಲಿಸಲು ಮಲ್ಲಿಗಾ ಬಿಟ್ಟಿರಲಿಲ್ಲ. ಆ ತಂತಿಯ ಮೇಲೆ ಉಗುರು ಜಾರಿದ ಸದ್ದು ಬಂತು. ಆಮೇಲೆ ಅವರ ದನಿ ನಮ್ಮ ಮನೆಯ ಕನ್ನಡಕ್ಕೆ ತಿರುಗಿತು.

"ಮಾಪ್ಳೆ, ಆ ಚಪ್ಲಿ ನಾನ್ ದೀಪಾವ್ಳಿಗೆ ಕೊಡಿಸಿದ್ದು ತಾನೆ? ಹೊರಗೆ ಬಾ."

ಬಂದೆ. ಅಂಗಿಯ ತುಂಬ ಎಣ್ಣೆ, ಹಣೆಯ ಮೇಲೆ ವೆಲ್ಡಿಂಗ್ ಕನ್ನಡಕ. ಅಷ್ಟರಲ್ಲಿ ಮಲ್ಲಿಗಾ ಕೈಯಲ್ಲಿ ಪೊಟ್ಟಣ ಹಿಡಿದು ಬಂದು, ಅಪ್ಪನನ್ನು ಕಂಡು ನಿಂತಲ್ಲೇ ನಿಂತಳು. ಮಾವನವರ ಕೈ ಬಾಗಿಲಿನ ಮೇಲಿತ್ತು.

"ಮಾರ್ಬಿಟ್ರಿ ಅಂತ ಇದ್ದೆ," ಎಂದರು. "ಆ ಅಮಾಸೆ ದಿನ ನೀವಿಬ್ರೂ ಒಬ್ಬೊಬ್ರು ಒಂದೊಂದ್ ಹೇಳಿದ್ರಲ್ಲ, ಆಗ್ಲೇ ತಿಳೀತು ವಂಡಿ ಇಲ್ಲ ಅಂತ. ಕೇಳಿದ್ರೆ ನಿಮ್ಗೆ ಅವಮಾನ. ದುಡ್ಡು ಕೊಟ್ಟು ವಾಂಗಿಕೊಂಡೋನು ಇಲ್ಲಿಗಾದ್ರೂ ತರ್ತಾನೆ, ಒಂದ್ಸಲ ನೋಡ್ಕೊಂಡ್ ಹೋಗಾನ ಅಂತ ಬೆಳಿಗ್ಗೆ ಮೊದಲನೇ ಬಸ್ಸಿಗೇ ಬಂದೆ. ಕಾರ್ ಸಾಲನ್ನ ಎರಡೆರಡ್ ಸಲ ಹುಡುಕ್ದೆ."

ಮಲ್ಲಿಗಾಳ ಕಣ್ಣಿನಿಂದ ನೀರು ಇಳಿಯಿತು. "ಇಲ್ಲಪ್ಪಾ, ನಿನ್ ವಂಡಿ ಮಾರ್ತೀವಾ ನಾವು? ಹೇಳಕ್ಕೆ ಭಯ ಆಯ್ತು," ಎಂದಳು. ಹಿಂದೆಯೇ ಬಂದಿದ್ದ ಸೆಲ್ವಂ ಬಿರಿಯಾನಿಯ ಪೊಟ್ಟಣಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಯಾಕೋ ಅವನಿಗೇ ಗೊತ್ತಿಲ್ಲ.

"ಟಾಪು ಎಲ್ಲಿ?" ಎಂದರು ಮಾವ.

ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. "ಚಿಕ್ಕಮ್ಮನ ಕೋಳಿ ಗೂಡಿಗೆ ಹಾಕೈತೆ ಮಾವ."

"ಮರಿ ಎದ್ವಾ?"

"ಒಂಬತ್ತು."

ಮಾವನವರು ಏನೋ ಯೋಚಿಸುತ್ತ ಡ್ರೈವರ್ ಸೀಟಿನಲ್ಲಿ ಕುಳಿತರು. ಅಭ್ಯಾಸದಂತೆ ಕತ್ತನ್ನು ಎಡಕ್ಕೆ ವಾಲಿಸಿ, ಭುಜ ಕುಗ್ಗಿಸಿ ಕುಳಿತರು. ಆಮೇಲೆ ಮೆಲ್ಲಗೆ, ನಂಬಿಕೆಯಿಲ್ಲದವರ ಹಾಗೆ, ತಲೆಯನ್ನು ಮೇಲಕ್ಕೆತ್ತಿದರು. ಎತ್ತಿದರು, ಇನ್ನೂ ಎತ್ತಿದರು. ಏನೂ ತಾಗಲಿಲ್ಲ. ಬೆನ್ನು ನೆಟ್ಟಗಾಯಿತು, ಭುಜ ಅಗಲವಾಯಿತು. ನಾನು ಅವರನ್ನು ಪೂರ್ತಿ ಎತ್ತರದಲ್ಲಿ ನೋಡಿದ್ದು ಅದೇ ಮೊದಲು.

"ಮೂವತ್ತು ವರ್ಷ," ಎಂದರು ಅವರು, ಆಕಾಶ ನೋಡುತ್ತ. "ಮೂವತ್ತು ವರ್ಷ ಇದ್ರೊಳಗೆ ಕತ್ತು ಮಡಿಚ್ಕೊಂಡು ಕುಂತೆ. ಒಂದೊಂದ್ ಗುಂಡಿಗೂ ಟಾಪು ನೆತ್ತಿಗೆ ಹೊಡೀತಿತ್ತು. ವಾಂಗಿದ ವಾರವೇ ಕಿತ್ತಾಕಾನ ಅಂದೆ. ಪ್ಲಷರ್ ಟಾಪು ಕೀಳೋದು ಮನೆ ಛಾವಣಿ ಕೀಳೋದೂ ಒಂದೇ ಅಂತ ನಮ್ಮಪ್ಪ ಬಿಡ್ನಿಲ್ಲ." ಸೆಲ್ವಂನ ಕಡೆ ತಿರುಗಿ, "ಕಿತ್ತೋನು ನೀನಾ?" ಎಂದರು. ಸೆಲ್ವಂ ಎರಡು ಹೆಜ್ಜೆ ಹಿಂದೆ ಸರಿದು ಹೌದೆಂದ. "ನಲ್ಲಾ ಇರು," ಎಂದು ಮಾವನವರು ಹರಸಿದರು. "ಎಲ್ಲಾ ಸರಿ. ಹೊಗೆ ಪೈಪು ಮಾತ್ರ ಇನ್ನೂ ಕೊಂಚ ದಪ್ಪ ಇರ್ಬೇಕಿತ್ತು."

ಆಮೇಲೆ ವಾಹನಗಳ ಮೆರವಣಿಗೆ. ಮೈದಾನದೊಳಗೆ ಲೈಸೆನ್ಸು ಕೇಳುವವರಿಲ್ಲ, ಕಣ್ಣಿನ ಡಾಕ್ಟರೂ ಇರಲಿಲ್ಲ. ಮಾವನವರೇ ಓಡಿಸಿದರು, ನಡೆಯುವ ವೇಗದಲ್ಲಿ, ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು. ಚಹಾ ತೋಟದ ಲಾರಿ ಮುಂದೆ, ಯುದ್ಧದ ಲಾರಿ ಹಿಂದೆ, ನಡುವೆ ಮಾವಿನ ಹಣ್ಣಿನ ಬಣ್ಣದ ನಮ್ಮ ಕಾರು ಸಿಡಿಲಿನ ಹಾಗೆ ಗುಡುಗುತ್ತ ಹೋಯಿತು. ಜನ ಶಿಳ್ಳೆ ಹಾಕಿದರು. ಮಿಲ್ ಮಾಲೀಕ ಒಬ್ಬರು ತಮ್ಮ ಕನ್ನಡಿ ಕಾರಿನ ಪಕ್ಕದಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವನವರು ಮಾತ್ರ ಯಾರನ್ನೂ ನೋಡಲಿಲ್ಲ. ಕತ್ತು ನೆಟ್ಟಗಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ಸಂಜೆ ಬಹುಮಾನ ಹಂಚಿದಾಗ ನಮ್ಮ ಹೆಸರೂ ಬಂತು. ಪ್ರಮಾಣಪತ್ರ ಈಗಲೂ ಪೆರಿಯಕುಳದ ಅಂಗಡಿಯ ಗೋಡೆಯಲ್ಲಿದೆ: 'ಹಳೆಯ ಲಾರಿಗಳ ವಿಭಾಗ, ಎರಡನೆಯ ಬಹುಮಾನ.' ಚಹಾ ತೋಟದ ಲಾರಿಯ ಮುದಿ ಡ್ರೈವರು ಸೆಲ್ವಂನ ಬೆನ್ನು ತಟ್ಟಿ, "ಮುಂದಿನ ಸಲ ಮರಳು ತುಂಬಿಕೊಂಡು ಬಾ, ಮೊದಲನೆಯದೇ ಕೊಡುತ್ತಾರೆ," ಎಂದನಂತೆ.

ಹಿಂದಿರುಗುವಾಗ ಸೆಲ್ವಂ ಓಡಿಸಿದ, ಪಕ್ಕದಲ್ಲಿ ಮಾವ, ಹಿಂದಿನ ಒಂಟಿ ಸೀಟಿನಲ್ಲಿ ಮಲ್ಲಿಗಾ. ನಾಲ್ಕನೆಯವರಿಗೆ ಜಾಗವಿರಲಿಲ್ಲ. "ಮಾಪ್ಳೆ, ನೀ ಬಸ್ಸಲ್ಲಿ ಬಂದ್ಬಿಡು," ಎಂದರು ಮಾವ ಬಹಳ ಪ್ರೀತಿಯಿಂದ. ಕಾರು ಪೆರಿಯಕುಳದಿಂದ ಮುಂದಕ್ಕೆ ಬರಲೇ ಇಲ್ಲ. ವರ್ಷಗಟ್ಟಲೆ ಹೆದರಿ ಮುಂದೂಡಿದ್ದ ಇನ್ನೊಂದು ಕಣ್ಣಿನ ಆಪರೇಷನ್ನನ್ನು ಮಾವನವರು ಮರುವಾರವೇ ಮಾಡಿಸಿಕೊಂಡರು. ಡಾಕ್ಟರಿಂದ ಒಪ್ಪಿಗೆ ಕಾಗದ ಬರೆಸಿಕೊಂಡು, ಕಪ್ಪು ಕನ್ನಡಕ ಹಾಕಿ, ತಾವೇ ಓಡಿಸತೊಡಗಿದರು. ತಿಂಗಳಿಗೊಮ್ಮೆ ಅತ್ತೆಯನ್ನು ಕೂರಿಸಿಕೊಂಡು ತೇಣಿಗೆ ಬರುತ್ತಾರೆ, ಮಗಳನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು ಒಂದು ಸುತ್ತು ಹೊರಡುತ್ತಾರೆ. ಯಾರ ಮನೆಯ ಮದುವೆ ಮುಂಜಿಗಾದರೂ ಅವರು ಮೂವರು ಕಾರಿನಲ್ಲಿ, ನಾನು ಬಸ್ಸಿನಲ್ಲಿ.

ಮೊನ್ನೆ ಹೀಗೆಯೇ ಬೋಡಿಗೆ ಹೋಗುತ್ತಿದ್ದೆ. ತೇಣಿ ದಾಟಿದ ಮೇಲೆ ಹಿಂದಿನಿಂದ ಗುಡುಗು ಕೇಳಿಸಿತು. ಬಸ್ಸಿನವರೆಲ್ಲ ಕಿಟಕಿಗೆ ಮುಗಿಬಿದ್ದರು. ಮಾವಿನ ಹಣ್ಣಿನ ಬಣ್ಣದ ಕಾರು ಪಕ್ಕದಲ್ಲಿ ಬಂತು. ಮಾವನವರು ನೆಟ್ಟಗೆ ಕುಳಿತಿದ್ದರು, ಅತ್ತೆ ವೀಳ್ಯ ಜಗಿಯುತ್ತಿದ್ದರು, ಮಲ್ಲಿಗಾ ಕೂದಲು ಹಾರಿಸಿಕೊಂಡು ನನ್ನ ಕಡೆ ಕೈ ಬೀಸಿದಳು. ಇಡೀ ಬಸ್ಸು ತಿರುಗಿ ಕೈ ಬೀಸಿತು. "ಯಾವ ಜಮೀನ್ದಾರರ ಮನೆಯವರೋ!" ಎಂದಳು ಕೋಳಿ ಬುಟ್ಟಿ ಹಿಡಿದಿದ್ದ ಮುದುಕಿಯೊಬ್ಬಳು. ನನಗೆ ತಡೆಯಲಾಗಲಿಲ್ಲ. ಕಂಬಿಗೆ ಜೋತುಬಿದ್ದಿದ್ದವನು ಕೊಂಚ ನೆಟ್ಟಗಾಗಿ, ಎಲ್ಲರಿಗೂ ಕೇಳುವಂತೆ, "ನಮ್ಮ ಮಾವನವರು. ಹಿಂದೆ ಕೂತಿರೋದು ನನ್ನ ಹೆಂಡತಿ. ಕಾರು ನನ್ನದೇ," ಎಂದೆ. ಕಂಡಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. "ಇರಲಿ ಸಾರ್," ಎಂದ, "ಕೊಂಚ ಒಳಗೆ ಸರಿದು ನಿಂತ್ಕೊಳ್ಳಿ."